ಎಡತುದಿಯಲ್ಲಿ ಹಾಲೇಶನ ಜಾಗ

ದೆವ್ವ ಪಿಶಾಚಿ ಎಂದವರನ್ನು ನಕ್ಕು ಕಳಿಸಿದವನು ನಾನು. ಕೊಟ್ಟೂರಿನ ಸಂತೆಯಲ್ಲಿ ಮೂಟೆ ಹೊತ್ತವನ ಮಗ. ನಮ್ಮ ಮನೆತನದಲ್ಲೇ ಮೊದಲ ಬಿ.ಎಸ್ಸಿ. ಅಷ್ಟು ಕಷ್ಟಪಟ್ಟು ಕಲಿತ ವಿಜ್ಞಾನವನ್ನು ಸುಲಭಕ್ಕೆ ಬಿಟ್ಟುಕೊಡಲಾರೆ. ಆದರೂ ನಡೆದದ್ದನ್ನು ನಡೆದಂತೆ ಹೇಳಬೇಕಲ್ಲ.

ಹಾಲೇಶ ನಮ್ಮ ಓಣಿಯವನು. ಕಬಡ್ಡಿಯಲ್ಲಿ ಎಡತುದಿ ಅವನದು, ಪಕ್ಕದ ಜಾಗ ನನ್ನದು. ಎದುರಾಳಿ ಒಳಗೆ ಬಂದಾಗ ಅವನ ಬಲಗೈ ನನ್ನ ಎಡಗೈಯಲ್ಲಿರುತ್ತಿತ್ತು. ಮುರಿದು ಸೊಟ್ಟಗಾಗಿದ್ದ ಅವನ ಕಿರುಬೆರಳು ನನ್ನ ಅಂಗೈಗೆ ಒತ್ತುತ್ತಿತ್ತು. ಬೆವರಿಗೆ ಕೈ ಜಾರದಿರಲೆಂದು ತನ್ನ ಅವ್ವನ ಒಲೆಯ ಬೂದಿಯನ್ನು ಉಜ್ಜಿಕೊಂಡೇ ಅವನು ಆಟಕ್ಕಿಳಿಯುವುದು. ಮುಂದೆ ಸೈನ್ಯ ಸೇರಿದ. ದೇಶದ ತಂಡದಲ್ಲಿ ಹೊರದೇಶದಲ್ಲೂ ಆಡಿದ. ಕೊನೆಯ ರಜೆಗೆ ಬಂದಾಗ ನಮ್ಮ ಕಿಟಕಿಯಲ್ಲಿ ನಿಂತು, "ಲೇ, ಒಂದ ಆಟ ಆಡಿ ಬರೋಣ ಬಾ" ಎಂದ. ನನಗೆ ಕೊನೆಯ ವರ್ಷದ ಪರೀಕ್ಷೆ. ಪುಸ್ತಕದಿಂದ ತಲೆ ಎತ್ತದೆ, ಮುಂದಿನ ಸಲ ಎಂದೆ. ಆ ಬೇಸಿಗೆಯಲ್ಲೇ ಕಾರ್ಗಿಲ್‌ನಲ್ಲಿ ತೀರಿಕೊಂಡ.

ವರ್ಷ ತುಂಬಿದ ದಿನ ಊರಲ್ಲಿ ಅವನ ನೆನಪಿನ ಪಂದ್ಯ. ಓದಿದವನೆಂದು ಅವನ ಬದುಕಿನ ಬಗ್ಗೆ ಮಾತಾಡಲು ನನಗೇ ಹೇಳಿದರು. ಅವನ ಅವ್ವ ಗೌರಮ್ಮ ನನ್ನ ಬಲಗೈ ಹಿಡಿದು, "ಶೂರ, ಧೀರ ಅಂತೆಲ್ಲ ಬ್ಯಾಡಪ್ಪ. ಹೆಂಗ ಆಡ್ತಿದ್ದ, ಅಷ್ಟ ಹೇಳು" ಎಂದರು. ಎಲ್ಲವನ್ನೂ ಹೇಳಿದೆ, ಕಿಟಕಿಯ ಮಾತೊಂದನ್ನು ಬಿಟ್ಟು.

ಅವನ ಜಾಗಕ್ಕೆ ಯಾರನ್ನೂ ನಿಲ್ಲಿಸದೆ ನಮ್ಮ ತಂಡ ಏಳರ ಬದಲು ಆರೇ ಜನರೊಂದಿಗೆ ಇಳಿಯಿತು. ಹೊತ್ತು ಮುಳುಗುತ್ತಿತ್ತು. ಎದುರಾಳಿ ಹಡಗಲಿ ತಂಡದ ಆಟಗಾರನೊಬ್ಬ ಆ ಖಾಲಿ ತುದಿಗೇ ನುಗ್ಗಿದ. ಹಳೆಯ ರೂಢಿ, ನನ್ನ ಎಡಗೈ ತಾನಾಗಿ ಚಾಚಿಕೊಂಡಿತು. ಯಾರೋ ಹಿಡಿದರು. ಸೊಟ್ಟ ಬೆರಳು ಅಂಗೈಗೆ ಒತ್ತಿತು. ಎಡಕ್ಕೆ ಜಗ್ಗಿದ ರಭಸಕ್ಕೆ ನಾನು ಆಟಗಾರನ ಮೊಣಕಾಲಿಗೆ ಅಡ್ಡ ಬಿದ್ದೆ. ಅವನು ಸಿಕ್ಕಿಬಿದ್ದ.

ಎದ್ದು ಮಣ್ಣು ಕೊಡವುತ್ತ, "ಏನ್ರಿ ಬಿ.ಎಸ್ಸಿ. ಸಾಹೇಬ್ರ, ಗಾಳಿ ಕೈ ಹಿಡಕೊಂಡು ಆಡ್ತೀರೇನು" ಎಂದ ಅವನು. ಎಲ್ಲರೂ ನಕ್ಕರು. ನಾನು ಎಡ ಅಂಗೈ ನೋಡಿಕೊಂಡೆ. ಕೆಂಪು ಮಣ್ಣಿನ ಬಯಲು ಅದು. ಅಂಗೈಯಲ್ಲಿ ಬೂದಿ ಇತ್ತು.

ಗೌರಮ್ಮನ ಕೈಯಿಂದ ಹತ್ತಿರಬಹುದು ಎಂದುಕೊಂಡೆ. ಆದರೆ ಅವರು ಹಿಡಿದದ್ದು ಬಲಗೈ. ಆದರೂ ಹೋಗಿ, ಇವತ್ತು ಒಲೆ ಹಚ್ಚಿದ್ದಿರಾ ಎಂದು ಕೇಳಿದೆ.

"ಒಬ್ಬಾಕಿಗೆ ಒಲಿ ಯಾಕ ಹಚ್ಚಲಪ್ಪ" ಎಂದರು. "ಸ್ಟೋವ್ ಮ್ಯಾಲ ಒಂದೀಟ ಅನ್ನ ಮಾಡ್ಕೊಂತೀನಿ."

ಆಗ ಅವರಿಗೆ ಕಿಟಕಿಯ ಮಾತು ಹೇಳಿದೆ.

ಇಷ್ಟು ಓದಿಯೂ ಆ ಬೂದಿ ಎಲ್ಲಿಂದ ಬಂತೆಂದು ನಾನು ಹೇಳಲಾರೆ. ಆ ಕೈ ನನ್ನನ್ನು ಕ್ಷಮಿಸಿ ಹಿಡಿದದ್ದೋ, ಬರೀ ಆಟಕ್ಕೆಂದು ಹಿಡಿದದ್ದೋ, ಅದನ್ನಂತೂ ಯಾರನ್ನು ಕೇಳಲಿ?