ಹಾಳೂರ ಹೊಲ ಯಾರದು?

ಹೊಲಗಳ ಹಳೆ ಹೆಸರು ಹಿಡಿದು, ಮಣ್ಣಲ್ಲಿ ಮುಚ್ಚಿಹೋದ ಊರು ಹುಡುಕುವುದು ನನ್ನ ಕೆಲಸ. ಕುಂಸಿ ಹತ್ತಿರ ‘ಹಾಳೂರ ಹೊಲ’ ಇದೆ ಅಂತ ಕೇಳಿ ಹೋದೆ. ಅಣ್ಣ ತಂಗಿ ಅದನ್ನು ಪಾಲು ಮಾಡಿಕೊಂಡಿದ್ದರು. ಹಳೆ ಮಡಕೆ ಚೂರು ಸಿಕ್ಕಿದ್ದೆಲ್ಲ ತಂಗಿಯ ಪಾಲಿನಲ್ಲಿ.

“ಹಾಗಾದ್ರೆ ಹಾಳೂರ ಹೊಲ ನಂದೇ!” ಜನ್ನಾಪುರದಿಂದ ಬಸ್ಸು ಹತ್ತಿ ಬಂದಿದ್ದ ತಂಗಿ ಹಿಗ್ಗಿದಳು.

“ಪಾಲುಪತ್ರದಲ್ಲಿ ಆ ಹೆಸರು ನನ್ನ ಪಾಲಿಗೆ ಬಂದಿದ್ದು, ಮಾರಾಯ್ತಿ. ನಿಂದು ಬರೀ ಬೇಲಿಯಾಚೆ ಹೊಲ,” ಅಂದ ಅಣ್ಣ.

“ಮೇಡಂ, ನೀವೇ ಹೇಳಿ!” ತಂಗಿ ನನ್ನತ್ತ ತಿರುಗಿದಳು.

ಊರು ಅಂದ್ಮೇಲೆ ಬೇಲಿಯ ಎರಡೂ ಕಡೆ ಇದ್ದಿರಬಹುದು ಅಂದೆ. ಅಣ್ಣ ಪಂಚೆ ಎತ್ತಿಕಟ್ಟಿ ತನ್ನ ಕಡೆ ಹುಡುಕತೊಡಗಿದ. ಅವನ ಪಾಡು ನೋಡಲಾರದೆ ತಂಗಿಯೂ ಬೇಲಿ ದಾಟಿದಳು. ಕಪ್ಪು ಚೂರೊಂದು ಅವಳ ಕೈಗೇ ಸಿಕ್ಕಿತು.

“ತಗೋ, ನಿನ್ನ ಮಾನ ಉಳೀತು,” ಎಂದು ಅಣ್ಣನ ಅಂಗೈಗಿಟ್ಟಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆ ಊರು ಯಾಕೆ ಹಾಳಾಯಿತೋ ಇನ್ನೂ ಗೊತ್ತಿಲ್ಲ. ಪಾಲಿನ ಜಗಳವೇ ಇರಬೇಕೆಂದು ನನ್ನ ಅನುಮಾನ.