ನಾನು ಮನುಷ್ಯನೆಂದು ಹಮೀದ್ ಹೇಳಬೇಕಾಯಿತು

ಕಳೆದ ವಾರ ನನಗೊಂದು ನೋಟಿಸು ಬಂತು. ನಾನು ಮನುಷ್ಯನೆಂಬುದನ್ನು ಭಾನುವಾರದೊಳಗೆ ಸಾಬೀತುಪಡಿಸಬೇಕಂತೆ.

ತಮಾಷೆಯಲ್ಲ. ನೋಟಿಸಿನ ಭಾಷೆ ಬಹಳ ಸಭ್ಯವಾಗಿಯೇ ಇತ್ತು. 'ಮಾನ್ಯ ಸದಸ್ಯರೇ, ತಮ್ಮ ರೇಡಿಯೋ ಸಂಭಾಷಣೆಯು ಸ್ವಯಂಚಾಲಿತ ಧ್ವನಿಯನ್ನು ಹೋಲುತ್ತಿರುವ ಕಾರಣ ತಮ್ಮ ಖಾತೆಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿ ಇರಿಸಲಾಗಿದೆ. ತಾವು ಮಾನವರೆಂಬುದನ್ನು ದೃಢಪಡಿಸಿ ಸಹಕರಿಸಬೇಕಾಗಿ ವಿನಂತಿ. ತಮ್ಮ ತಾಳ್ಮೆಗೆ ಧನ್ಯವಾದಗಳು.'

ನನ್ನ ತಾಳ್ಮೆಯನ್ನು ಇವರು ಎಲ್ಲಿ ಕಂಡರು?

(ಎರಡು ಸಲ ಓದಿದೆ. ಎಲ್ಲಿಯೂ ಒಂದು ತಪ್ಪಿಲ್ಲ, ಒಂದು ಎಡವಟ್ಟಿಲ್ಲ. ಈ ಕಾಲದ ನೋಟಿಸುಗಳು ಹೀಗಿರುತ್ತವೆಯೇ? ಸಂಶಯವನ್ನು ಅಂದೇ ಒಂದು ಬದಿಗೆ ತೆಗೆದಿಟ್ಟೆ.)

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ವಿಮಾನದ ಹುಚ್ಚು ಹೊಸತಲ್ಲ. ಹೊಸಬರಿಗಾಗಿ ಹೇಳುತ್ತೇನೆ. ಮಂಗಳೂರಿನ ಅತ್ತಾವರದ ನನ್ನ ಮನೆಯಲ್ಲಿ, ಊಟದ ಮೇಜಿನ ಅರ್ಧಭಾಗದ ಮೇಲೆ, ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಮತ್ತು ಒಂದು ಹೆಡ್‌ಸೆಟ್ ಇವೆ. (ಉಳಿದರ್ಧ ನನ್ನ ಹೆಂಡತಿ ಹಿಲ್ಡಾಳ ಸ್ವಾಧೀನದಲ್ಲಿದೆ. ಗಡಿ ವಿವಾದ ಇನ್ನೂ ಇತ್ಯರ್ಥವಾಗಿಲ್ಲ.) ಅಲ್ಲಿ ಕುಳಿತು ನಾನು ಮುನ್ನೂರು ಜನ ಹಿಡಿಸುವ ವಿಮಾನ ಹಾರಿಸುತ್ತೇನೆ. ಜನರೂ ಇಲ್ಲ, ವಿಮಾನವೂ ಇಲ್ಲ. ಆದರೆ ಗಾಳಿಯ ಲೆಕ್ಕ, ಇಂಧನದ ಲೆಕ್ಕ, ಇಳಿಯುವಾಗ ಅಂಗೈಯಲ್ಲಿ ಬರುವ ಬೆವರು, ಇವೆಲ್ಲ ನಿಜ.

ನನ್ನಂಥವರದ್ದೇ ಒಂದು ಗುಂಪಿದೆ. ಕರಾವಳಿಯವರು, ಗಲ್ಫಿನಲ್ಲಿರುವವರು, ಗಲ್ಫಿನಿಂದ ಹಿಂದಿರುಗಿದವರು. ಕೆಲವರು ವಿಮಾನ ಹಾರಿಸುತ್ತಾರೆ; ಕೆಲವರು ಸರದಿಯ ಮೇಲೆ ಕಂಟ್ರೋಲ್ ಟವರಿನವರಾಗಿ ಕುಳಿತು ದಾರಿ ತೋರಿಸುತ್ತಾರೆ. ಎಲ್ಲರೂ ಅವರವರ ಮನೆಯಲ್ಲೇ. ಟವರಿನವನು ಏನು ಹೇಳಿದರೂ ಅದನ್ನು ಹೇಳಿದ ಹಾಗೆಯೇ ತಿರುಗಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಎಂದು ಹೆಸರು. 'ಮೂರು ಸಾವಿರ ಅಡಿಗೆ ಇಳಿಯಿರಿ' ಎಂದರೆ 'ಮೂರು ಸಾವಿರ ಅಡಿಗೆ ಇಳಿಯುತ್ತಿದ್ದೇನೆ' ಎನ್ನಬೇಕು. 'ಸರಿ' ಎಂದರೆ ಸಾಲದು. 'ಆಯ್ತು ಮಾರಾಯ' ಎಂದರೆ ಮಹಾಪರಾಧ.

ನನಗೆ ಇದು ಆಟವಲ್ಲ, ಅಭ್ಯಾಸ. ನಿವೃತ್ತನಾಗುವವರೆಗೆ ನಾನು ಪಣಂಬೂರಿನ ಬಂದರಿನಲ್ಲಿ ಹಡಗುಗಳೊಂದಿಗೆ ರೇಡಿಯೋದಲ್ಲಿ ಮಾತನಾಡುವ ಕೆಲಸ ಮಾಡಿದವನು. ಕೇಳಿದ್ದನ್ನು ತಿರುಗಿ ಹೇಳದಿದ್ದರೆ ಅಲ್ಲಿ ಒಂದು ಹಡಗು ಇನ್ನೊಂದಕ್ಕೆ ತಾಗುತ್ತದೆ. ಇಂದಿಗೂ ಹಿಲ್ಡಾ 'ಎರಡು ತೆಂಗಿನಕಾಯಿ, ಒಂದು ಕಟ್ಟು ಕೊತ್ತಂಬರಿ' ಎಂದರೆ ನಾನು ಅಷ್ಟನ್ನೂ ಒಪ್ಪಿಸಿಯೇ ಚೀಲ ಎತ್ತಿಕೊಳ್ಳುವುದು.

ಹೀಗಿರುವಾಗ ನೋಟಿಸು! ಅದೂ ಯಾವ ಹೊತ್ತಿನಲ್ಲಿ? ದುಬೈಯಿಂದ ಮಂಗಳೂರಿಗೆ ಗುಂಪಿನ ಎಲ್ಲರೂ ಸಾಲಾಗಿ ಹಾರಿಬರುವ ಭಾನುವಾರದ ಯಾತ್ರೆಯಲ್ಲಿ ಮುಂಚೂಣಿಯ ವಿಮಾನ ನನ್ನದೆಂದು ತೀರ್ಮಾನವಾಗಿತ್ತು. (ಇಷ್ಟು ದೊಡ್ಡ ವಿಮಾನಗಳು ನಿಜದಲ್ಲಿ ನಮ್ಮ ಬಜ್ಪೆ ವಿಮಾನ ನಿಲ್ದಾಣಕ್ಕೆ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಬರುತ್ತವೆ.) ಆ ಸರದಿಗಾಗಿ ನಾನು ಎರಡು ವರ್ಷ ಕಾದಿದ್ದೆ.

ನೋಟಿಸು ಕಳುಹಿಸಿದವನು ಗುಂಪಿನ ಮೇಲ್ವಿಚಾರಕ ಅನೂಪ್. ಅವನ ಊರು ಯಾವುದೆಂದು ಖಚಿತವಾಗಿ ಗೊತ್ತಿಲ್ಲ. ಕೆಲವರು ಸುರತ್ಕಲ್ ಎನ್ನುತ್ತಾರೆ, ಕೆಲವರು ಶಾರ್ಜಾ. ಕರೆ ಮಾಡಿದೆ.

"ನಾನು ಲೋಬೊ ಮಾತಾಡುವುದು."

"ಗೊತ್ತಾಯ್ತು ಸರ್. ಅದೇ ಪ್ರಾಬ್ಲೆಮ್."

"ಎಂತ ಪ್ರಾಬ್ಲೆಮ್?"

"ನೀವು ಒಮ್ಮೆಯೂ ತಪ್ಪುವುದಿಲ್ಲ ಸರ್. ಬೇರೆಯವರು 'ಆಂ' ಅಂತಾರೆ, 'ಇನ್ನೊಮ್ಮೆ ಹೇಳಿ' ಅಂತಾರೆ. ನೀವು ಕೂಡ್ಲೆ ಪಟ್ ಅಂತ ಹೇಳ್ತೀರಿ. ಅದೇ ಸ್ವರ, ಅದೇ ಸ್ಪೀಡ್. ಈಗ ಹಾಗೆ ಮಾತಾಡುವ ಸಾಫ್ಟ್‌ವೇರ್ ಉಂಟು. ಮೊನ್ನೆ ಒಬ್ಬರು ಅದನ್ನು ಕೂರಿಸಿ ಮದುವೆ ಊಟಕ್ಕೆ ಹೋಗಿದ್ರು."

"ತಪ್ಪದೆ ಮಾತಾಡುವುದು ಅಪರಾಧವಾ?"

"ಅಪರಾಧ ಅಲ್ಲ ಸರ್. ಡೌಟು, ಅಷ್ಟೆ."

ಬಳಿಕ ಅವನೇ ಮುಂದುವರಿಸಿದ. "ನಿಮ್ಮನ್ನು ಮುಖತಃ ನೋಡಿದವರು ಗುಂಪಿನಲ್ಲಿ ಯಾರಾದ್ರೂ ಇದ್ದಾರಾ? ಹಮೀದಾಕನ ಹತ್ರ ಕೇಳಿದೆ. ಅವರೂ ನೋಡಿಲ್ಲ ಅಂದ್ರು."

ಹಮೀದ್!

ಈ ಹಮೀದ್‌ಗೆ ನಮ್ಮ ಮನೆಯಿಂದ ದೂರವೇನಲ್ಲದ ಬಲ್ಮಠದಲ್ಲಿ ಚಪ್ಪಲಿ ಅಂಗಡಿಯಿದೆ. ಗಲ್ಫಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಪ್ರತಿ ಸಲ ಕಿಟಕಿಯ ಸೀಟು ಕೇಳಿ ಪಡೆದು, ಪೈಲಟ್ ಕೋಣೆಯ ಬಾಗಿಲಿನ ಆಚೆ ಏನು ನಡೆಯುತ್ತಿರಬಹುದೆಂದು ಯೋಚಿಸುತ್ತಲೇ ಊರಿಗೆ ಬಂದ ಮನುಷ್ಯ. ಎರಡು ವರ್ಷಗಳಿಂದ ಅವರ ವಿಮಾನ ನನ್ನ ವಿಮಾನದ ಹಿಂದೆಯೇ ಇದೆ. ಅವರ ಮಂಡಿನೋವು ನನಗೆ ಗೊತ್ತು. ಮಗಳ ಪರೀಕ್ಷೆ ಗೊತ್ತು. ಅಂಥವರು 'ನೋಡಿಲ್ಲ' ಎಂದರೇ?

ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು. ನಾನು ಉದುರಿದರೆ ಮುಂಚೂಣಿಯ ಸರದಿ ಯಾರದು? ಹಮೀದರದ್ದೇ.

ಹಿಲ್ಡಾಳಿಗೆ ಹೇಳಿದೆ. "ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ನಿಮ್ಮ ಮುಖ ನೋಡಲಿಕ್ಕೆ ಅವರಿಗೆಂತ ಕನಸು ಬೀಳ್ತದಾ?" ಎಂದಳು. (ಕೊಂಕಣಿಯಲ್ಲಿ ಹೇಳಿದ್ದು. ಕನ್ನಡದಲ್ಲಿ ಅಷ್ಟು ಖಾರ ಉಳಿಯುವುದಿಲ್ಲ.)

ಸಂಶಯಕ್ಕೆ ಗುರಿಯಾಗುವುದು ನನಗೇನೂ ಹೊಸತಲ್ಲ. ಪಿಂಚಣಿದಾರನಾದ ನಾನು ಪ್ರತಿವರ್ಷ ನವೆಂಬರಿನಲ್ಲಿ ಬದುಕಿದ್ದೇನೆಂದು ತೋರಿಸಿಕೊಡಬೇಕು. ಕಳೆದ ಸಲ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. "ನಾನು ಎದುರಿಗೇ ನಿಂತಿದ್ದೇನಲ್ಲ?" ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ನೀವು ಇದ್ದೀರಿ ಸರ್, ಮೆಷಿನಿಗೆ ಕಾಣ್ಬೇಕಲ್ಲ. ಬೆರಳು ಒರೆಸಿ ಕೊಡಿ" ಎಂದಳು. ಅಂಗಿಗೆ ಒರೆಸಿ, ಊದಿ, ಒತ್ತಿ, ಕೊನೆಗೆ ಹೇಗೋ ಬದುಕಿದೆ. ಯಂತ್ರಕ್ಕೆ ನಾನು ಮನುಷ್ಯನೆಂಬ ನಂಬಿಕೆಯಿಲ್ಲ. ಅದು ಯಂತ್ರ, ಕ್ಷಮಿಸೋಣ. ಮನುಷ್ಯರಿಗೆ ನಾನು ಯಂತ್ರವೆಂಬ ಗುಮಾನಿ ಬಂದರೆ ಯಾರಲ್ಲಿ ದೂರುವುದು?

ಮರುದಿನ ಬಲ್ಮಠಕ್ಕೆ ಹೋದೆ. ಹೆಸರು ಹೇಳಬಾರದು, ಹೆಚ್ಚು ಮಾತನಾಡಬಾರದು, ಮೊದಲು ಆ ಮನುಷ್ಯನ ಮುಖ ನೋಡಬೇಕು. ಇದು ನನ್ನ ಯೋಜನೆ.

ಅಂಗಡಿಯಲ್ಲಿ ಚಾವಣಿಯವರೆಗೂ ಡಬ್ಬಿಗಳು. ಅವುಗಳ ನಡುವೆ ಒಂದು ಪುಟ್ಟ ಸ್ಟೂಲಿನ ಮೇಲೆ, ಒಂದು ಕಾಲು ನೀಡಿಕೊಂಡು (ಮಂಡಿನೋವು ಸುಳ್ಳಲ್ಲ), ಬಿಳಿಗಡ್ಡದ ಒಬ್ಬರು ಕುಳಿತಿದ್ದರು.

"ಬನ್ನಿ ಸರ್, ಕೂತ್ಕೊಳ್ಳಿ. ಎಂತ ಬೇಕಿತ್ತು?"

ಅದೇ ಸ್ವರ. "ಚಪ್ಪಲಿ" ಎಂದೆ, ಅಷ್ಟೆ.

ಅವರು ನನ್ನ ಪಾದವನ್ನೇ ನೋಡಿದರು. "ಎಂಟು ನಂಬರ್ ಆಗ್ತದೆ. ಕಂದು ಬಣ್ಣದ್ದು ತೋರಿಸ್ತೇನೆ, ಹಿಂದೆ ಪಟ್ಟಿ ಇರುವಂಥದ್ದು."

"ಎಂಟು ನಂಬರ್, ಕಂದು ಬಣ್ಣ, ಹಿಂದೆ ಪಟ್ಟಿ" ಎಂದೆ.

ನಾಲಗೆ ಜಾರಿತ್ತು. ಡಬ್ಬಿ ಹಿಡಿದಿದ್ದ ಅವರ ಕೈ ಅಲ್ಲಿಯೇ ನಿಂತಿತು. ಮೆಲ್ಲನೆ ನನ್ನ ಕಡೆ ತಿರುಗಿ, ಪರೀಕ್ಷಿಸುವವರಂತೆ ಹೇಳಿದರು.

"ಎಡಗಾಲು ಮೊದಲು ಹಾಕಿ."

"ಎಡಗಾಲು ಮೊದಲು."

"ಯಾ ಅಲ್ಲಾ! ಲೋಬೊ ಸರ್!"

ನಾನು ಎಡಗಾಲಿಗೆ ಹೊಸ ಚಪ್ಪಲಿ, ಬಲಗಾಲಿಗೆ ಹಳೆಯದು ಹಾಕಿಕೊಂಡೇ ವಿಚಾರಣೆ ಆರಂಭಿಸಿದೆ. "ನನ್ನನ್ನು ನೋಡಿಲ್ಲ ಅಂತ ಹೇಳಿದ್ರಂತೆ."

"ನೋಡಿರ್ಲಿಲ್ಲ ಅಲ್ವಾ ಸರ್. ಸುಳ್ಳು ಹೇಳುದಾ ನಾನು?"

"ಗೊತ್ತಿರುವ ಜನ ಅಂತಾದರೂ ಹೇಳಬಹುದಿತ್ತು."

ಹಮೀದ್ ಚಪ್ಪಲಿಯ ಪಟ್ಟಿಯನ್ನು ಸುಮ್ಮನೆ ಬಿಗಿಮಾಡಿದರು, ಸಡಿಲಿಸಿದರು. "ಹೇಳ್ಬಹುದಿತ್ತು. ಆದ್ರೆ ಸರ್, ಬೇಜಾರು ಮಾಡ್ಬೇಡಿ, ನಂಗೂ ಸಣ್ಣ ಡೌಟ್ ಇತ್ತು."

"ಎಂತಕ್ಕೆ?"

"ನನ್ನ ಮಂಡಿನೋವು ಹೇಳಿದ್ರೆ ನೀವು ಪೂರ್ತಿ ಕೇಳ್ತೀರಿ. ಮುಂದಿನ ವಾರ ನೆನಪಿಟ್ಟು 'ಈಗ ಹೇಗುಂಟು' ಅಂತ ನೀವೇ ಕೇಳ್ತೀರಿ. ಈಗ ಮನುಷ್ಯರು ಹಾಗೆಲ್ಲ ಕೇಳ್ತಾರಾ ಸರ್?"

ಬೈಯಲು ಹೋದವನು ನಾನು. ಬಲಗಾಲಿನ ಹಳೆಯ ಚಪ್ಪಲಿಯನ್ನೂ ಕಳಚಿಟ್ಟೆ.

"ಮತ್ತೆ ನೋಡಿ," ಎಂದರು ಹಮೀದ್, "ಅತ್ತಾವರದಿಂದ ಇಲ್ಲಿಗೆ ನೀವು ಒಮ್ಮೆಯೂ ಬರ್ಲಿಲ್ಲ. ನಾನೂ ಅಲ್ಲಿಗೆ ಬರ್ಲಿಲ್ಲ ಬಿಡಿ. ದುಬೈಯಿಂದ ಮಾತ್ರ ಎಷ್ಟು ಸರ್ತಿ ಒಟ್ಟಿಗೆ ಬಂದಿದ್ದೇವೆ!"

ಅಂಗಡಿಯಿಂದಲೇ ಅನೂಪನಿಗೆ ವಿಡಿಯೋ ಕರೆ ಹೋಯಿತು. ಹಮೀದ್ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಇಗೊ, ಲೋಬೊ ಸರ್. ಮನುಷ್ಯರೇ. ಕಾಲು ಮುಟ್ಟಿ ನೋಡಿದ್ದೇನೆ, ಎಂಟು ನಂಬರ್" ಎಂದು ಸಾಕ್ಷಿ ನುಡಿದರು.

"ಸರ್, ಕನ್ನಡಕ ತೆಗೀರಿ. ಎಡಕ್ಕೆ ತಿರುಗಿ."

"ಕನ್ನಡಕ ತೆಗೆದೆ. ಎಡಕ್ಕೆ ತಿರುಗುತ್ತಿದ್ದೇನೆ."

"ಸರ್, ಅದನ್ನೇ ಮಾಡ್ಬೇಡಿ ಮಾರಾಯ್ರೆ," ಹಮೀದ್ ಪಿಸುಗುಟ್ಟಿದರು.

ಕನ್ನಡಕ ಮತ್ತೆ ಏರಿಸಿಕೊಂಡು ಮೊಬೈಲ್ ನೋಡಿದೆ. ನನ್ನ ಮುಖ ಒಂದು ಚೌಕದಲ್ಲಿ. ಇನ್ನೊಂದು ಚೌಕ ಕಪ್ಪು, ನಡುವೆ ಒಂದು 'ಅ'.

"ನಿಮ್ಮ ಮುಖ ಕಾಣುವುದಿಲ್ಲ" ಎಂದೆ.

"ಕ್ಯಾಮೆರಾ ಸರಿ ಇಲ್ಲ ಸರ್."

ಕರೆ ಮುಗಿಯುವ ಮೊದಲೇ ಸಂದೇಶ ಬಂತು. 'ಮಾನ್ಯ ಸದಸ್ಯರೇ, ತಾವು ಮಾನವರೆಂಬುದು ದೃಢಪಟ್ಟಿದೆ. ತಮ್ಮ ತಾಳ್ಮೆಗೆ ಧನ್ಯವಾದಗಳು.'

ಭಾನುವಾರ ಮುಂಚೂಣಿಯಲ್ಲಿ ನಾನೇ ಹಾರಿದೆ. ಹಿಂದೆ ಹಮೀದ್, ಅವರ ಹಿಂದೆ ಉಳಿದವರು. ಟವರಿನಲ್ಲಿ ಅನೂಪ್. ಕಡಲು ಮುಗಿದು ಗುರುಪುರ ಹೊಳೆ ಕಾಣಿಸುವ ಹೊತ್ತಿಗೆ ಹಮೀದ್ ಖಾಸಗಿಯಾಗಿ ಒಂದು ಸಂದೇಶ ಕಳುಹಿಸಿದರು: 'ಸರ್, ಒಮ್ಮೆ ತಪ್ಪಿಬಿಡಿ. ಅವನಿಗೆ ಸಮಾಧಾನ ಆಗ್ಲಿ.'

ತಪ್ಪಲಿಲ್ಲ. ಯಾಕೆ ತಪ್ಪಬೇಕು? ಮನುಷ್ಯನೆನಿಸಿಕೊಳ್ಳಲು ತೊದಲಬೇಕೆ? ಹೇಳಿದ್ದನ್ನು ಗಮನವಿಟ್ಟು ಕೇಳುವುದು, ಕೇಳಿದ್ದೇನೆಂದು ತಿಳಿಸುವುದು, ಮರುವಾರ ನೆನಪಿಟ್ಟು ವಿಚಾರಿಸುವುದು ಯಂತ್ರದ ಲಕ್ಷಣವೆಂದು ನಾವೇ ಬರೆದುಕೊಟ್ಟುಬಿಟ್ಟರೆ ನಮ್ಮ ಪಾಲಿಗೆ ಉಳಿಯುವುದೇನು? ಗುಡ್ಡದ ಮೇಲಿನ ರನ್‌ವೇಗೆ ನನ್ನ ವಿಮಾನವನ್ನು ಹೂವಿನಂತೆ ಇಳಿಸಿದೆ. (ಹಮೀದರದ್ದು ಎರಡು ಸಲ ಕುಪ್ಪಳಿಸಿತು. ಮಂಡಿ ಹೇಗಿದೆ ಎಂದು ಕೂಡಲೇ ವಿಚಾರಿಸಿದೆ.) ಮರುದಿನ ಸಂಜೆ ಅವರು ಅತ್ತಾವರಕ್ಕೆ ಬಂದು, ಹಿಲ್ಡಾಳ ಪಾಲಿನ ಅರ್ಧ ಮೇಜಿನಲ್ಲಿ ಕುಳಿತು ಚಹಾ ಕುಡಿದು ಹೋದರು. ಅವರ ಮೇಲಿನ ಸಂಶಯವನ್ನು ಹಿಂತೆಗೆದುಕೊಂಡಿದ್ದೇನೆ.

ಆದರೆ ಆ ಭಾನುವಾರ ನಾನು ಇನ್ನೊಂದನ್ನೂ ಗಮನಿಸಿದೆ. ಸಂಜೆಯಿಡೀ ಒಂದರ ಹಿಂದೆ ಒಂದು ವಿಮಾನ ಇಳಿಯಿತು. ಅನೂಪ್ ಒಮ್ಮೆಯೂ 'ಆಂ' ಎನ್ನಲಿಲ್ಲ. ಕೆಮ್ಮಲಿಲ್ಲ. ಯಾರ ಹೆಸರನ್ನೂ ತಪ್ಪಿ ಕರೆಯಲಿಲ್ಲ. ಮೊದಲ ವಿಮಾನಕ್ಕೂ ಕೊನೆಯ ವಿಮಾನಕ್ಕೂ ಅದೇ ಸ್ವರ, ಅದೇ ಸ್ಪೀಡು. ಅವನ ಮುಖ ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಗುಂಪಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ಇಲ್ಲ.

ಅಪರಾಧವಲ್ಲ. ಡೌಟು, ಅಷ್ಟೆ.