ಫೋಟೋದವನ ಹೆಂಡತಿ

ನಮ್ಮ ಬೀದಿಯ ಫೋಟೋದವನ ಕೈಗೆ ಸಿಕ್ಕ ಮುಖ ಇದ್ದಂತೆ ಹೊರಬಂದದ್ದೇ ಇಲ್ಲ. ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿಯೇ ಪ್ರಿಂಟ್ ಕೊಡುತ್ತಿದ್ದ. ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ನನ್ನ ಬೋಳುತಲೆಯ ಮೇಲೂ ಒಮ್ಮೆ ನಾಲ್ಕು ಕೂದಲು ಬೆಳೆಸಿಕೊಟ್ಟ. ನನ್ನವಳು ವಾರವಿಡೀ ಬಿದ್ದು ಬಿದ್ದು ನಕ್ಕಳು. ಬೇಡವೆಂದರೆ ಕೇಳುವ ಆಸಾಮಿಯಲ್ಲ.

ಯುದ್ಧ ಶುರುವಾದಾಗ ಅವನು ಕ್ಯಾಮೆರಾ ರಿಪೇರಿಗೆಂದು ಗಡಿ ದಾಟಿ ಬಂದಿದ್ದ. ಗಡಿ ಮುಚ್ಚಿತು, ಹೆಂಡತಿ ಆಚೆಯೇ ಉಳಿದಳು. ಇಲ್ಲಿನ ಸ್ಟುಡಿಯೋದಲ್ಲೇ ಕೆಲಸಕ್ಕೆ ನಿಂತ. ಅವಳನ್ನು ಕರೆಸಿಕೊಳ್ಳಲು ಸರ್ಕಾರದ ಅನುಮತಿ ಬೇಕಿತ್ತು, ಅನುಮತಿಗೆ ಮದುವೆಯ ಪುರಾವೆ ಬೇಕಿತ್ತು. ಮದುವೆ ನೋಂದಾಯಿಸಿದ ಕಚೇರಿ ಸುಟ್ಟು ಬೂದಿಯಾಗಿತ್ತು. ಉಳಿದದ್ದು ಅವನ ಪರ್ಸಿನಲ್ಲಿದ್ದ ಮದುವೆಯ ಫೋಟೋ ಒಂದೇ.

ಅದನ್ನು ದೊಡ್ಡದು ಮಾಡಿ ಕೊಡಿ ಎಂದು ಅನುಮತಿ ಕೊಡುವ ಕಚೇರಿಯವರು ಹೇಳಿದರು. ಈ ಪುಣ್ಯಾತ್ಮ ಅಷ್ಟನ್ನೇ ಮಾಡಿದ್ದರೆ ಸಾಕಿತ್ತು. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಅವಳ ಎಡಗೆನ್ನೆಯ ತುಂಬ ಕಲೆಯಾಗಿತ್ತು. ಕೈ ತಡೆಯಲಿಲ್ಲ, ಒರೆಸಿಬಿಟ್ಟ.

ಕಚೇರಿಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿನ ಅಧಿಕಾರಿ ಹೆಂಗಸು ಇವನ ಹೆಂಡತಿಯ ಪಾಸ್‌ಪೋರ್ಟಿನ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದರು.

"ಇವರು ಬೇರೆ ಯಾರೋ."

"ಅಯ್ಯೋ, ಇವಳೇ ಮೇಡಂ. ಕಲೆ ನಾನೇ ತೆಗೆದದ್ದು" ಎಂದು ಪರ್ಸಿನ ಫೋಟೋ ಮುಂದಿಟ್ಟ.

"ತೆಗೆಯೋಕೆ ಬರೋರಿಗೆ ಸೇರಿಸೋಕೂ ಬರುತ್ತಲ್ವಾ? ಯಾವುದನ್ನ ನಂಬ್ಲಿ, ಹೇಳಿ."

ಅರ್ಜಿ ಬಿದ್ದುಹೋಯಿತು. ಗಡಿಯಾಚೆ ನಮ್ಮ ದೇಶದ ರಾಯಭಾರ ಕಚೇರಿ ಇನ್ನೂ ತೆರೆದಿತ್ತು. ಹೆಂಡತಿಯೇ ಅಲ್ಲಿಗೆ ಹೋಗಿ ಹೊಸ ಫೋಟೋ ತೆಗೆಸಿಕೊಂಡು ಹೇಳಿಕೆ ಕೊಟ್ಟರೆ ಮತ್ತೆ ನೋಡೋಣ ಎಂದರು. ಅಷ್ಟಾದರೂ ದಾರಿ ಉಳಿಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ನನ್ನ ಅಂಗಡಿಯಲ್ಲೇ ಕೂತು ಸ್ಪೀಕರ್ ಹಾಕಿ ಅವಳಿಗೆ ಫೋನ್ ಮಾಡಿದ. ಮತ್ತೆ ಯಾಕೆ ಫೋಟೋ ಎಂದು ಅವಳು ಕೇಳಿದಳು. ಸುಳ್ಳು ಹೇಳಲು ಬಾರದ ಮನುಷ್ಯ, ನಡೆದದ್ದೆಲ್ಲ ಹೇಳಿದ.

"ರೀ, ಅದು ನಿಮ್ಮ ಕಣ್ಣಿಗೂ ಬೀಳ್ತಿತ್ತಾ? ಊರೆಲ್ಲ ನೋಡಿದ್ರೂ ನೀವೊಬ್ರು ಅದನ್ನ ನೋಡಲ್ಲ ಅಂದ್ಕೊಂಡಿದ್ದೆ."

"ಹಾಗಲ್ವೇ, ಕೆಲಸದ ಚಾಳಿ ಅದು. ನಾಳೇನೇ ಹೋಗಿ ತೆಗೆಸ್ಕೋ, ನಿನ್ನ ಕಾಲಿಗೆ ಬೀಳ್ತೀನಿ."

"ಈ ಮುಖ ಹೊತ್ಕೊಂಡು ನಾನೆಲ್ಲೂ ಹೋಗಲ್ಲ. ಫೋಟೋದಲ್ಲಿ ಒಬ್ಬಳನ್ನ ಮಾಡ್ಕೊಂಡಿದ್ದೀರಲ್ಲ, ಅವಳನ್ನೇ ಕರೆಸ್ಕೊಳ್ಳಿ."

ಕೋಪ ಇಳಿದೀತು ಎಂದುಕೊಂಡೆವು. ಇಳಿಯಿತು ಕೂಡ. ಈಗಲೂ ಇವನು ದಿನಾ ಫೋನ್ ಮಾಡುತ್ತಾನೆ, ಊಟ ಆಯ್ತಾ ಎಂದು ಅವಳೇ ಮೊದಲು ಕೇಳುತ್ತಾಳೆ. ಫೋಟೋದ ಮಾತೆತ್ತಿದರೆ ಮಾತ್ರ ಫೋನ್ ಇಟ್ಟುಬಿಡುತ್ತಾಳೆ.